ಬಯಲುಸೀಮೆಯ ತೋಟದ ಗಿಡಗಳಿಗೆ ನೀರೆರೆಯುವ ಕ್ರಮ

ಶಿವರಾತ್ರಿಯು ಕಳೆದು ಬಿಸಿಲು ಬಲಿಯುತ್ತ ಬಂದಂತೆ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಮೊದಲಾದ ತಾಲ್ಲೂಕುಗಳ ಗ್ರಾಮಗಳಲ್ಲಿ ವರ್ಷವರ್ಷವೂ ಒಂದೇ ನೋಟವು ಕಣ್ಣಿಗೆ ಬೀಳುತ್ತದೆ. ಮನೆಯ ಹಿತ್ತಲಿನ ನಿಂಬೆ, ನುಗ್ಗೆ, ಕರಿಬೇವು. ಊರ ಮುಂದಿನ ತೆಂಗು, ಮಾವು, ಸಪೋಟ. ಶಾಲೆಯ ಅಂಗಳದಲ್ಲಿ ಆಷಾಢದಲ್ಲಿ ನೆಟ್ಟ ಹೊಂಗೆ, ಬೇವು, ಇವುಗಳ ಬುಡದಲ್ಲಿ ಬೆಳಿಗ್ಗೆ ನೆಲವು ತೇವವಾಗಿರುತ್ತದೆ. ಮಧ್ಯಾಹ್ನಕ್ಕೆ ಆ ತೇವವಿರುವುದಿಲ್ಲ. ವೈಶಾಖವು ಮುಗಿಯುವುದರೊಳಗೆ ಎಷ್ಟೋ ಕಡೆ ಗಿಡವೂ ಇರುವುದಿಲ್ಲ. ಯಜಮಾನರನ್ನು ಕೇಳಿದರೆ, "ದಿನಾ ಒಂದು ಕೊಡ ಹಾಕಿಸುತ್ತಲೇ ಇದ್ದೆವು ಸ್ವಾಮಿ, ಬಾವಿ ಕೈಕೊಟ್ಟು ಎಂಟು ದಿನ ತಪ್ಪಿತು, ಗಿಡ ಹೋಯಿತು" ಎಂಬ ಉತ್ತರವು ಬರುತ್ತದೆ. ಅವರು ಹೇಳುವುದು ಸುಳ್ಳಲ್ಲ. ದಿನವೂ ಒಂದು ಕೊಡ ನೀರು ಹಾಕಿದುದೂ ನಿಜ, ಎಂಟು ದಿನ ತಪ್ಪಿದುದೂ ನಿಜ. ಆದರೆ ಎರಡು ಮೂರು ವರ್ಷದ ಗಿಡವೊಂದು ಎಂಟು ದಿನದ ನೀರಡಿಕೆಯನ್ನು ತಾಳಲಾರದಂತೆ ಆದುದು ಯಾವ ಕಾರಣದಿಂದ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿ ನೋಡಿದರೆ, ದಿನವೂ ಹಾಕಿದ ಆ ಒಂದು ಕೊಡವೇ ಕಾರಣವೆಂದು ತಿಳಿದುಬರುತ್ತದೆ.

ಇದರ ಲೆಕ್ಕವು ಕಠಿಣವಾದುದಲ್ಲ. ಒಂದು ಚದರ ಮೀಟರು ನೆಲದ ಮೇಲೆ ಒಂದು ಲೀಟರು ನೀರನ್ನು ಹರಡಿದರೆ ಅದು ಒಂದು ಮಿಲಿಮೀಟರು ಮಳೆಗೆ ಸಮನಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಸೀಮೆಯ ಒಣಗಾಳಿಗೆ, ಬಯಲಿನಲ್ಲಿ ತೆರೆದಿಟ್ಟ ನೀರು ದಿನವೊಂದಕ್ಕೆ ಎಂಟು ಹತ್ತು ಮಿಲಿಮೀಟರಿನಷ್ಟು ಆವಿಯಾಗಿ ಹೋಗುತ್ತದೆ. ಆಗತಾನೆ ನೆನೆದ ಬರಿಯ ನೆಲವೂ ಮೊದಲನೆಯ ದಿನ ಹೆಚ್ಚುಕಡಮೆ ಅಷ್ಟನ್ನೇ ಕಳೆದುಕೊಳ್ಳುತ್ತದೆ. ಮೂರಡಿ ಅಗಲದ ದುಂಡುಪಾತಿಯಲ್ಲಿ ಇದು ಐದಾರು ಲೀಟರಿಗೆ ಬರುತ್ತದೆ. ಒಂದು ಕೊಡವೆಂದರೆ ಸುಮಾರು ೧೫ ಲೀಟರು. ಅಂದಮೇಲೆ ದಿನವೂ ಹೊತ್ತು ತಂದು ಸುರಿದ ಕೊಡದಲ್ಲಿ ಮೂರನೆಯ ಒಂದು ಪಾಲು ಗಿಡಕ್ಕೆ ಮುಟ್ಟದೆ ಆಕಾಶಕ್ಕೆ ಸಂದಿತು. ಉಳಿದ ಹತ್ತು ಲೀಟರು ನಮ್ಮ ಕೆಂಪು ಮರಳುಮಣ್ಣಿನಲ್ಲಿ ಅರ್ಧ ಅಡಿ, ಹೆಚ್ಚೆಂದರೆ ಮುಕ್ಕಾಲು ಅಡಿ ಇಳಿದು ಅಲ್ಲಿಯೇ ನಿಂತುಬಿಡುತ್ತದೆ. ಮರುದಿನ ಇನ್ನೊಂದು ಕೊಡ, ಮತ್ತೆ ಅದೇ ಅರ್ಧ ಅಡಿ. ಹೀಗೆ ತಿಂಗಳುಗಟ್ಟಲೆ ನೀರು ಹೊತ್ತರೂ ಒಂದು ಅಡಿಯ ಕೆಳಗಿನ ಮಣ್ಣು ಒಣಗಿಯೇ ಇರುತ್ತದೆ.

ಗಿಡದ ಬೇರಾದರೋ ತೇವವಿರುವ ಕಡೆ ಬೆಳೆಯುವುದೇ ಹೊರತು ಒಣಮಣ್ಣನ್ನು ಸೀಳಿಕೊಂಡು ನೀರನ್ನು ಹುಡುಕಿಕೊಂಡು ಹೋಗುವುದಿಲ್ಲ. ಮೇಲಿನ ಅರ್ಧ ಅಡಿಯಲ್ಲಿಯೇ ದಿನವೂ ತೇವವನ್ನು ಕಂಡ ಗಿಡವು ತನ್ನ ಎಳೆಯ ಬೇರುಗಳನ್ನೆಲ್ಲ ಅಲ್ಲಿಯೇ ಚಾಪೆಯಂತೆ ಹರಡುತ್ತದೆ. ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಕಾಯುವುದೂ ಆ ಅರ್ಧ ಅಡಿಯೇ. ಬಾವಿ ಬತ್ತಿದಾಗ, ಮೋಟಾರು ಸುಟ್ಟಾಗ, ಮನೆಯವರು ಮದುವೆಗೆಂದು ನಾಲ್ಕು ದಿನ ಊರಿಗೆ ಹೋದಾಗ ಎಲ್ಲಕ್ಕಿಂತ ಮೊದಲು ಒಣಗುವುದೂ ಅದೇ. ಕೆಳಗೆ ಒಂದು ಬೇರಾದರೂ ಇಳಿದಿದ್ದರೆ ಗಿಡವು ಎಲೆ ಉದುರಿಸಿಕೊಂಡಾದರೂ ಜೀವ ಹಿಡಿದುಕೊಂಡಿರುತ್ತಿತ್ತು. ಮೇಲಿನ ಬೇರನ್ನೇ ನಂಬಿದುದಕ್ಕೆ ಬೇರೆ ದಾರಿಯಿಲ್ಲ.

ಅದೇ ಐದು ದಿನದ ಐದು ಕೊಡಗಳನ್ನು ಐದನೆಯ ದಿನ ಸಂಜೆ, ಒಂದು ಇಂಗಿದ ಮೇಲೆ ಇನ್ನೊಂದರಂತೆ ಒಟ್ಟಿಗೆ ಹೊಯ್ದರೆ, ನೀರು ಎರಡು ಮೂರು ಅಡಿಯವರೆಗೆ ಇಳಿಯುತ್ತದೆ. ಮೊದಲೆರಡು ದಿನ ಮೇಲ್ಮಣ್ಣಿನಿಂದ ಆವಿ ಹೋಗುವುದು ತಪ್ಪುವುದಿಲ್ಲ. ಆದರೆ ಮೂರನೆಯ ದಿನಕ್ಕೆ ಮೇಲಿನ ಪದರವು ಒಣಗಿ, ಆ ಒಣಮಣ್ಣೇ ಕೆಳಗಿನ ತೇವಕ್ಕೆ ಮುಚ್ಚಳವಾಗುತ್ತದೆ. ಹೊತ್ತ ನೀರು ಅಷ್ಟೇ, ಕೂಲಿಯೂ ಅಷ್ಟೇ. ವ್ಯರ್ಥವಾಗುವ ಪಾಲು ಮಾತ್ರ ಅರ್ಧಕ್ಕಿಂತ ಕಡಮೆಯಾಗಿ, ಬೇರು ಕೆಳಕ್ಕಿಳಿಯುವ ಲಾಭವು ಬೇರೆ ದೊರೆಯುತ್ತದೆ.

ಹೀಗೆ ಹೇಳಿದಾಗ ಅನುಭವಸ್ಥರಾದ ರೈತರು ತಲೆಯಾಡಿಸುತ್ತಾರಾದರೂ ಮನೆಗೆ ಹೋಗಿ ಹಳೆಯ ಪದ್ಧತಿಯನ್ನೇ ಮುಂದುವರಿಸುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲೆ ಜೋತುಬಿದ್ದುದನ್ನು ಕಂಡರೆ ಯಾರಿಗೆ ತಾನೆ ಸುಮ್ಮನಿರಲು ಮನಸ್ಸಾದೀತು? ಈ ಜೋತುಬೀಳುವ ವಿಷಯದಲ್ಲಿಯೇ ಒಂದು ತಪ್ಪು ತಿಳಿವಳಿಕೆಯಿದೆ. ಬೇರು ಮೇಲಕ್ಕೆ ಕಳುಹಿಸುವುದಕ್ಕಿಂತ ವೇಗವಾಗಿ ಎಲೆಯಿಂದ ನೀರು ಆರಿಹೋಗುವ ಹೊತ್ತಿನಲ್ಲಿ, ತೇವವಾದ ನೆಲದಲ್ಲಿರುವ ಗಿಡವೂ ಸ್ವಲ್ಪ ಬಾಡಿದಂತೆ ಕಾಣುತ್ತದೆ. ಕುಂಬಳ, ಹೀರೆ ಮುಂತಾದ ಅಗಲ ಎಲೆಯ ಬಳ್ಳಿಗಳಲ್ಲಿ ಇದು ಹೆಚ್ಚು. ಹೊತ್ತು ಇಳಿದ ಮೇಲೆ ತಾನಾಗಿ ನಿಮಿರಿಕೊಳ್ಳುವ ಎಲೆಗೆ ನೀರಡಿಕೆಯಿಲ್ಲ. ರಾತ್ರಿಯೆಲ್ಲ ಕಳೆದು ಸೂರ್ಯೋದಯದ ಹೊತ್ತಿನಲ್ಲಿಯೂ ಜೋತಿದ್ದರೆ ಮಾತ್ರ ಅದನ್ನು ನೀರಡಿಕೆಯೆಂದು ತಿಳಿಯತಕ್ಕದ್ದು. ಇನ್ನೂ ಸಂದೇಹವಿದ್ದರೆ, ಒಂದು ಗಡಾರಿಯನ್ನು ಪಾತಿಯ ಅಂಚಿನಲ್ಲಿ ಒತ್ತಿ ನೋಡಬಹುದು. ನೆನೆದಷ್ಟು ಆಳಕ್ಕೆ ಅದು ಸಲೀಸಾಗಿ ಇಳಿದು ಒಣಮಣ್ಣಿಗೆ ತಾಕಿದ ಕೂಡಲೇ ನಿಲ್ಲುತ್ತದೆ. ಒಂದು ಅಡಿಗಿಂತ ಕೆಳಗೆ ಇಳಿದರೆ ಇನ್ನೆರಡು ದಿನ ಕಾಯಬಹುದು. ಇದಕ್ಕಿಂತ ಅಗ್ಗವಾದ ಉಪಕರಣವು ಬೇಕಾಗಿಲ್ಲ.

ಮಧ್ಯಾಹ್ನ ನೀರು ಹಾಕಿದರೆ ಎಲೆಯ ಮೇಲಿನ ಹನಿಗಳು ಬೂದುಗಾಜಿನಂತೆ ಬಿಸಿಲನ್ನು ಕೂಡಿಸಿ ಎಲೆಯನ್ನು ಸುಡುತ್ತವೆಂದು ಅನೇಕರು ನಂಬಿದ್ದಾರೆ. ನುಣುಪಾದ ಎಲೆಗಳ ವಿಷಯದಲ್ಲಿ ಇದು ನಿಜವಲ್ಲವೆಂದು ಪರೀಕ್ಷೆಗಳಿಂದ ತಿಳಿದಿದೆ. ಮಧ್ಯಾಹ್ನದ ನೀರು ಬೇಡವೆನ್ನುವುದಕ್ಕೆ ಕಾರಣವು ಬೇರೆ. ಕಾದ ನೆಲದ ಮೇಲೆ ಬಿದ್ದ ನೀರಿನಲ್ಲಿ ಒಂದು ಪಾಲು ಕೆಳಗಿಳಿಯುವ ಮುಂಚೆಯೇ ಆವಿಯಾಗಿ ಹೋಗುತ್ತದೆ. ಸಂಜೆ ಹಾಕಿದ ನೀರಿಗೆ ಇಂಗಲು ಇಡೀ ರಾತ್ರಿಯ ಅವಕಾಶವಿರುತ್ತದೆ. ಎಲೆಗೆ ಬೂಷ್ಟುರೋಗ ತಗಲುವ ತರಕಾರಿಗಳಿಗೆ ಮಾತ್ರ ಬೆಳಗಿನ ಜಾವವು ಮೇಲು.

ಎಲ್ಲ ಗಿಡಕ್ಕೂ ಎಲ್ಲ ಮಣ್ಣಿಗೂ ಐದು ದಿನವೆಂಬ ನಿಯಮವಿಲ್ಲ. ಸಸಿಮಡಿಗೆ ಪ್ರತಿದಿನವೂ ಹಗುರವಾಗಿ ನೀರು ಚಿಮುಕಿಸಲೇಬೇಕು. ಸೊಪ್ಪು, ಮೂಲಂಗಿ ಮೊದಲಾದ ಬೇರು ಚಿಕ್ಕದಾದ ಬೆಳೆಗಳಿಗೆ ಎರಡು ಮೂರು ದಿನಕ್ಕೊಮ್ಮೆ ಬೇಕು. ಮಾಳಿಗೆಯ ಮೇಲಿನ ಕುಂಡಗಳು ದಿನದಿನವೂ ಒಣಗುತ್ತವೆ. ಎರೆಮಣ್ಣು ಕೆಂಪುಮಣ್ಣಿನ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಎಂಟು ಹತ್ತು ದಿನಗಳ ಅಂತರವು ಸಾಕು. ಆದರೆ ಅದು ಬಿರುಕು ಬಿಟ್ಟಿತೆಂದರೆ ಹಾಕಿದ ನೀರೆಲ್ಲ ಬಿರುಕಿನಲ್ಲಿ ಓಡಿಹೋಗುತ್ತದೆ. ಆದಕಾರಣ ಬಿರುಕು ಕಾಣುವ ಮೊದಲೇ ಕೈಗುದ್ದಲಿಯಿಂದ ಮೇಲುಮಣ್ಣನ್ನು ಕೆದಕಿ ಪುಡಿಮಾಡಿಡಬೇಕು. ಇಂದಿನವರೆಗೂ ದಿನವೂ ನೀರು ಕುಡಿದ ಗಿಡಕ್ಕೆ ನಾಳೆಯಿಂದಲೇ ಐದು ದಿನದ ಉಪವಾಸವನ್ನು ಹಾಕುವುದೂ ತಪ್ಪು. ಎರಡು ದಿನ, ಮೂರು ದಿನ, ನಾಲ್ಕು ದಿನ ಎಂದು ಒಂದು ತಿಂಗಳಿನಲ್ಲಿ ಕ್ರಮವಾಗಿ ಬಿಡಿಸುತ್ತ ಹೋಗಬೇಕು. ಈ ಕೆಲಸವನ್ನು ಬಿಸಿಲು ಏರುವ ಮೊದಲೇ, ಅಂದರೆ ಮಾಘಮಾಸದಲ್ಲಿಯೇ ಆರಂಭಿಸಿದರೆ ಒಳ್ಳೆಯದು.

ನೀರನ್ನು ಎಲ್ಲಿ ಹಾಕಬೇಕೆಂಬುದೂ ಎಷ್ಟು ಹಾಕಬೇಕೆಂಬುದರಷ್ಟೇ ಮುಖ್ಯ. ಬುಡಕ್ಕೆ ನೀರು ಹಾಕಿದರೆ ಗಿಡಕ್ಕೆ ನೀರು ಕೊಟ್ಟಂತಾಯಿತೆಂಬ ಭಾವನೆಯು ಗಟ್ಟಿಯಾಗಿ ಬೇರೂರಿದೆ. ಬುಡದಲ್ಲಿರುವ ದಪ್ಪ ಬೇರುಗಳು ಗಿಡವನ್ನು ನಿಲ್ಲಿಸುವುದಕ್ಕೆ ಇರುವುವೇ ಹೊರತು ನೀರು ಕುಡಿಯುವುದಕ್ಕಲ್ಲ. ಕುಡಿಯುವ ಎಳೆಬೇರುಗಳು ಮಧ್ಯಾಹ್ನ ಗಿಡದ ನೆರಳು ಬೀಳುವ ಅಂಚಿನ ಸುತ್ತಮುತ್ತ ಇರುತ್ತವೆ. ಆದುದರಿಂದ ಗಿಡವು ಬೆಳೆದಂತೆ ಪಾತಿಯನ್ನೂ ವರ್ಷವರ್ಷಕ್ಕೆ ಅಗಲಮಾಡುತ್ತ ಹೋಗಬೇಕು. ಹತ್ತು ವರ್ಷದ ಮಾವಿನ ಮರಕ್ಕೆ ನೆಟ್ಟಾಗ ಮಾಡಿದ್ದ ಎರಡಡಿಯ ಪಾತಿಯೇ ಉಳಿದಿರುವುದನ್ನು ಎಷ್ಟೋ ತೋಟಗಳಲ್ಲಿ ಕಾಣಬಹುದು. ನಿಂಬೆ, ಮೋಸಂಬಿಗಳ ವಿಷಯದಲ್ಲಂತೂ ಬುಡಕ್ಕೆ ನೀರು ನಿಲ್ಲಿಸುವುದು ಅಪಾಯಕರ. ಕಾಂಡಕ್ಕೆ ಸದಾ ತೇವ ತಗಲಿದರೆ ತೊಗಟೆ ಕೊಳೆತು ಅಂಟು ಸೋರುವ ರೋಗವು ಬರುತ್ತದೆ. ಇಂಥ ಗಿಡಗಳಿಗೆ ಬುಡದ ಸುತ್ತ ಒಂದು ಅಡಿಯಷ್ಟು ಮಣ್ಣನ್ನು ದಿಬ್ಬದಂತೆ ಏರಿಸಿ, ಅದರ ಆಚೆಗೆ ಬಳೆಯಾಕಾರದ ಪಾತಿಯನ್ನು ಮಾಡಿ ಅಲ್ಲಿ ಮಾತ್ರ ನೀರನ್ನು ನಿಲ್ಲಿಸತಕ್ಕದ್ದು.

ಕೊಳವೆ ಬಾವಿಯ ನೀರು ಸವಳಾಗಿರುವ ಗ್ರಾಮಗಳಲ್ಲಿ ಆಳವಾಗಿ ನೀರು ಕೊಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ನೀರು ಆವಿಯಾದಾಗ ಅದರಲ್ಲಿದ್ದ ಉಪ್ಪು ಮಣ್ಣಿನಲ್ಲಿಯೇ ಉಳಿಯುತ್ತದೆ. ದಿನವೂ ಸ್ವಲ್ಪಸ್ವಲ್ಪ ನೀರು ಕೊಟ್ಟ ಪಾತಿಯ ಮೇಲೆ ಬೆಳ್ಳಗೆ ಹಿಟ್ಟು ಹಾರಿಸಿದಂತೆ ಕಾಣುವುದು ಈ ಉಪ್ಪೇ. ಎಲೆಯ ತುದಿ ಅಂಚುಗಳು ಸುಟ್ಟಂತಾಗುವುದಕ್ಕೆ ಎಷ್ಟೋ ಸಲ ಬಿಸಿಲು ಕಾರಣವಲ್ಲ, ಉಪ್ಪು ಕಾರಣ. ಅಪರೂಪಕ್ಕೊಮ್ಮೆ ತುಂಬ ನೀರು ಕೊಟ್ಟರೆ ಅದು ಬೇರಿನ ಕೆಳಕ್ಕೆ ತೊಳೆದುಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ನೆಲವನ್ನು ಬತ್ತಲೆಯಾಗಿ ಬಿಟ್ಟರೆ ಅರ್ಧ ಕೆಲಸವನ್ನು ಮಾಡಿದಂತಾಯಿತು. ಬಯಲುಸೀಮೆಯಲ್ಲಿ ನೀರನ್ನು ಉಳಿಸುವ ಉಪಾಯಗಳಲ್ಲಿ ಹೊದಿಕೆಗೆ ಸಮನಾದುದು ಇನ್ನೊಂದಿಲ್ಲ. ದುಡ್ಡಿಲ್ಲದೆ ಆಗುವ ಉಪಾಯವಾದುದರಿಂದಲೋ ಏನೋ, ಇದನ್ನು ಇಷ್ಟು ಅಲಕ್ಷ್ಯಮಾಡಿದ ಸೀಮೆಯೂ ಇನ್ನೊಂದಿಲ್ಲವೆನ್ನಬೇಕು. ತೋಟವನ್ನು ಗುಡಿಸಿ ಒಂದು ಒಣಗಿದ ಎಲೆಯೂ ಇಲ್ಲದಂತೆ ಇಡುವುದೇ ಅಚ್ಚುಕಟ್ಟೆಂದು ಭಾವಿಸುವ ಯಜಮಾನರು ಅನೇಕರಿದ್ದಾರೆ. ಗುಡಿಸಿದ ಕಸವನ್ನು ಮೂಲೆಯಲ್ಲಿ ರಾಶಿಹಾಕಿ ಬೆಂಕಿಯಿಡುತ್ತಾರೆ. ಹೊಗೆಯಾಗಿ ಹೋಗುವ ಆ ಎಲೆಯೇ ಪಾತಿಯ ಮೇಲೆ ನಾಲ್ಕು ಅಂಗುಲ ದಪ್ಪವಾಗಿ ಬಿದ್ದಿದ್ದರೆ ನೆಲದ ಕಾವು ಇಳಿದು, ನೀರಿನ ಸರದಿಯು ಐದು ದಿನದಿಂದ ಏಳೆಂಟು ದಿನಕ್ಕೆ ಹೋಗುತ್ತಿತ್ತು. ಮಳೆಗಾಲಕ್ಕೆ ಕೊಳೆತು ಗೊಬ್ಬರವೂ ಆಗುತ್ತಿತ್ತು. ಹೊಂಗೆಯ ಸೊಪ್ಪು, ಬೇಲಿಯ ಗ್ಲಿರಿಸಿಡಿಯ, ಕಡಲೆಕಾಯಿಯ ಸಿಪ್ಪೆ, ತೊಗರಿಯ ಕಡ್ಡಿ, ಕಬ್ಬಿನ ಸೋಗೆ, ತೆಂಗಿನ ಗರಿ, ಯಾವುದಾದರೂ ಆದೀತು. ದನ ತಿನ್ನುವ ರಾಗಿಹುಲ್ಲನ್ನು ಇದಕ್ಕೆ ಹಾಕಬೇಕೆಂದು ಯಾರೂ ಹೇಳುವುದಿಲ್ಲ. ಬರಗಾಲದಲ್ಲಿ ಹುಲ್ಲಿನ ಬೆಲೆಯು ಎಲ್ಲರಿಗೂ ಗೊತ್ತಿದೆ. ಏನೂ ದೊರೆಯದ ಕಡೆ ಕಲ್ಲಾದರೂ ಆಗುತ್ತದೆ. ಬೆಣಚುಕಲ್ಲುಗಳನ್ನು ಪಾತಿಯ ಮೇಲೆ ಒತ್ತಾಗಿ ಹರಡಿದರೆ ಆವಿಯು ತಡೆಯುತ್ತದೆ, ಗೆದ್ದಲಿನ ಕಾಟವೂ ಇಲ್ಲ. ಗದಗ, ಕೊಪ್ಪಳದ ಕಡೆಯ ರೈತರು ಎರೆಹೊಲದ ಮೇಲೆ ಹಳ್ಳದ ಮರಳನ್ನು ಹೊದಿಸಿ ಬೆಳೆ ತೆಗೆಯುತ್ತ ಬಂದಿರುವುದು ಇದೇ ತತ್ತ್ವವನ್ನು ಅನುಸರಿಸಿಯೇ. ಸೊಪ್ಪುಸದೆಯ ಹೊದಿಕೆಗೆ ಗೆದ್ದಲು ಬರುವುದೆಂಬ ದೂರು ನಿಜವಾದುದು. ಹೊದಿಕೆಯು ಕಾಂಡಕ್ಕೆ ತಗಲದಂತೆ ಒಂದು ಗೇಣು ಬಿಟ್ಟು ಹಾಸಿ, ಕೆಳಗೆ ಸ್ವಲ್ಪ ಬೇವಿನ ಹಿಂಡಿಯನ್ನು ಚೆಲ್ಲಿದರೆ ತೊಂದರೆಯು ಕಡಮೆಯಾಗುತ್ತದೆ.

ತೆಂಗಿನ ತೋಟವುಳ್ಳವರು ಹೊದಿಕೆಗಾಗಿ ಬೇರೆಡೆಗೆ ಹೋಗಬೇಕಾಗಿಯೇ ಇಲ್ಲ. ಕಾಯಿ ಸುಲಿದ ಮಟ್ಟೆಯು ತನ್ನ ತೂಕದ ಮೂರರಿಂದ ಐದರಷ್ಟು ನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಮರದಿಂದ ಆರು ಅಡಿಯ ಆಚೆಗೆ ಅಗಳು ತೆಗೆದು, ಒಳಹೊಟ್ಟೆಯು ಮೇಲಕ್ಕೆ ಬರುವಂತೆ ಮಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಮಣ್ಣು ಮುಚ್ಚಿದರೆ, ಒಮ್ಮೆ ಮಾಡಿದ ಕೆಲಸದ ಫಲವು ಐದಾರು ವರ್ಷ ಉಳಿಯುತ್ತದೆ. ಹೂಳದೆ ಪಾತಿಯ ಮೇಲೆಯೇ ಹಾಸುವುದಾದರೆ ಬೆನ್ನು ಮೇಲಾಗಿರಬೇಕು. ನಾರಿನ ಕಾರ್ಖಾನೆಯವರು ಲೋಡಿಗೆ ಕೊಡುವ ಹಣವನ್ನು ನೋಡಿ ಮಟ್ಟೆಯನ್ನೆಲ್ಲ ಮಾರಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಅದಕ್ಕಿಂತ ಹೆಚ್ಚು ಹಣವನ್ನು ತೆರುವುದು ಯಾವ ಲೆಕ್ಕದ ವ್ಯಾಪಾರವೋ ತಿಳಿಯದು. ಕೆಂಪು ಮರಳುಮಣ್ಣಿಗೆ ಕೆರೆಗೋಡನ್ನು ಹೊಡೆಸುವುದೂ ಇದೇ ಜಾತಿಯ ಉಪಕಾರ. ಹೊಸ ಗಿಡದ ಗುಣಿಗೆ ನಾಲ್ಕು ಮಂಕರಿ ಗೋಡು, ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಬಿದ್ದರೆ ಆ ಗುಣಿಯು ನೀರನ್ನು ಹಿಡಿಯುವ ಬಗೆಯೇ ಬೇರೆ.

ಹಿತ್ತಲಿನ ಬಳ್ಳಿಗಳಿಗೂ ಎಳೆಯ ಗಿಡಗಳಿಗೂ ಮಡಕೆಯ ನೀರಾವರಿಯನ್ನು ಮೀರಿಸಿದುದಿಲ್ಲ. ಚೀನಾದೇಶದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾರೆ. ಹತ್ತು ಲೀಟರು ಹಿಡಿಯುವ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟು ಸುತ್ತಲೂ ನಾಲ್ಕಾರು ಹೀರೆ, ಹಾಗಲ, ಸೌತೆಯ ಬೀಜವನ್ನು ಊರುವುದಷ್ಟೇ ಕೆಲಸ. ಸುತ್ತಲಿನ ಮಣ್ಣು ಒಣಗಿದಾಗ ಗಡಿಗೆಯ ಮೈಯಿಂದ ನೀರನ್ನು ಎಳೆದುಕೊಳ್ಳುತ್ತದೆ, ನೆನೆದಾಗ ಎಳೆಯುವುದು ನಿಧಾನವಾಗುತ್ತದೆ. ಕೊಡುವ ಲೆಕ್ಕವನ್ನು ಮಣ್ಣೇ ಇಟ್ಟುಕೊಳ್ಳುವುದರಿಂದ ಆಳಿನ ಮರೆವಾಗಲಿ ಉದಾರತೆಯಾಗಲಿ ಕೆಡಿಸುವಂತಿಲ್ಲ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಮೆ. ಎರಡು ಮೂರು ದಿನಕ್ಕೊಮ್ಮೆ ಗಡಿಗೆಯನ್ನು ತುಂಬಿದರೆ ಸಾಕು. ಬೇರುಗಳು ಗಡಿಗೆಯ ಮೈಯನ್ನು ಬಲೆಯಂತೆ ತಬ್ಬಿಕೊಂಡಿರುವುದನ್ನು ಬೆಳೆ ಮುಗಿದ ಮೇಲೆ ಅಗೆದು ನೋಡಿದವರಿಗೆ ಬೇರೆ ವಾದವು ಬೇಕಾಗುವುದಿಲ್ಲ. ಇದರಲ್ಲಿ ಕೆಡುವುದು ಎರಡು ಕಡೆ. ಅಂಗಡಿಯಿಂದ ಬಣ್ಣ ಬಳಿದ ಅಥವಾ ಹೊಳಪು ಕೊಟ್ಟ ಗಡಿಗೆಯನ್ನು ತಂದರೆ ಅದು ಜಿನುಗುವುದಿಲ್ಲ. ಸವಳು ನೀರನ್ನು ತುಂಬಿದರೆ ಒಂದೆರಡು ವರ್ಷದಲ್ಲಿ ಉಪ್ಪು ಕಟ್ಟಿ ಮೈಯ ರಂಧ್ರಗಳು ಮುಚ್ಚುತ್ತವೆ. ಊರಿನ ಕುಂಬಾರರಿಗೆ ಮೊದಲೇ ಹೇಳಿ, ಜೇಡಿಯೊಂದಿಗೆ ಸ್ವಲ್ಪ ಹೆಚ್ಚು ಮರಳನ್ನು ಕಲಸಿ ಮಾಡಿಸಿದ ಗಡಿಗೆಯೇ ಉತ್ತಮ. ಗಡಿಗೆಯನ್ನು ಹೂಳುವ ಮುನ್ನ ನೀರು ತುಂಬಿ ಒಂದು ರಾತ್ರಿ ಇಟ್ಟರೆ, ಹೊರಮೈ ಬೆವತಿದೆಯೋ ಇಲ್ಲವೋ ಬೆಳಿಗ್ಗೆ ತಿಳಿಯುತ್ತದೆ.

ಹಿಂದಿನ ಮನೆಗಳಲ್ಲಿ ಬಚ್ಚಲ ನೀರು ಹೊರಬೀಳುವ ಕಡೆ ಒಂದು ತೆಂಗು, ನಾಲ್ಕು ಬಾಳೆ, ಒಂದಿಷ್ಟು ಕೆಸುವು ಇದ್ದೇ ಇರುತ್ತಿದ್ದುವು. ಆ ತೆಂಗು ಬೇಸಿಗೆಯಲ್ಲಿ ಬಾಡಿದುದನ್ನು ಕಂಡವರಿಲ್ಲ. ಈಗ ಅದೇ ನೀರನ್ನು ಸಿಮೆಂಟಿನ ಚರಂಡಿಗೆ ಬಿಟ್ಟು, ಹಿತ್ತಲಿಗೆ ಕೊಳವೆ ಬಾವಿಯ ನೀರನ್ನು ಹಾಯಿಸುವುದು ಕಂಡುಬರುತ್ತದೆ. ಐದು ಜನರ ಮನೆಯಲ್ಲಿ ಸ್ನಾನಕ್ಕೆ ಬಳಸುವ ನೀರೇ ದಿನಕ್ಕೆ ಆರೇಳು ಕೊಡಕ್ಕೆ ಕಡಮೆಯಿಲ್ಲ. ಮರಳು ಜಲ್ಲಿ ತುಂಬಿದ ಒಂದು ಸಣ್ಣ ಗುಂಡಿಯನ್ನು ದಾಟಿಸಿ ಅದನ್ನು ಮರಗಳಿಗೆ ಕೊಡಬಹುದು. ಬಟ್ಟೆ ಒಗೆಯುವ ಪುಡಿಯ ನೀರು ಮಣ್ಣನ್ನು ಬಿಗಿಯಾಗಿಸುವುದರಿಂದ ಅದನ್ನು ಬೇರ್ಪಡಿಸುವುದು ಒಳ್ಳೆಯದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಬಚ್ಚಲ ನೀರನ್ನು ಸರ್ವಥಾ ಕೊಡಕೂಡದು.

ಹನಿ ನೀರಾವರಿಯ ಕೊಳವೆಗಳನ್ನು ಹಾಕಿಸಿದವರು ತಮಗೆ ಈ ಮಾತುಗಳಾವುವೂ ಅನ್ವಯಿಸುವುದಿಲ್ಲವೆಂದು ತಿಳಿಯುತ್ತಾರೆ. ಸರ್ಕಾರದ ಸಹಾಯಧನದಿಂದ ಇದು ಬಹಳ ಗ್ರಾಮಗಳಿಗೆ ಬಂದಿದೆ, ಬಂದುದು ಒಳ್ಳೆಯದೇ. ಆದರೆ ಕೊಳವೆಯು ನೀರನ್ನು ಒಯ್ಯುತ್ತದೆಯೇ ಹೊರತು ಯೋಚನೆಯನ್ನು ಮಾಡುವುದಿಲ್ಲ. ಸಸಿಯ ಬುಡಕ್ಕೆ ಇಟ್ಟ ಎರಡು ತೊಟ್ಟಿಕ್ಕುವ ಬಾಯಿಗಳು ಮರವು ಹತ್ತು ವರ್ಷದ್ದಾದರೂ ಬುಡದಲ್ಲಿಯೇ ಇರುತ್ತವೆ. ಉಪ್ಪು ಕಟ್ಟಿ ಅರ್ಧದಷ್ಟು ಮುಚ್ಚಿಹೋಗಿದ್ದರೂ ನೋಡುವವರಿಲ್ಲ. ಕರೆಂಟು ಬಂದ ಕೂಡಲೇ ತಾನಾಗಿ ಮೋಟಾರು ಓಡುವಂತೆ ಆಟೋಸ್ಟಾರ್ಟರನ್ನು ಜೋಡಿಸಿ ಯಜಮಾನರು ಮಲಗುತ್ತಾರೆ. ತೋಟಕ್ಕೆ ಎಷ್ಟು ಹೊತ್ತು ನೀರು ಬೇಕೆಂಬುದನ್ನು ಹೀಗೆ ವಿದ್ಯುತ್ ಇಲಾಖೆಯು ನಿರ್ಧರಿಸುವಂತಾಗಿದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ವಿದ್ಯುತ್ತು ಉಚಿತವಾದ ಮಾತ್ರಕ್ಕೆ ನೀರೂ ಉಚಿತವೆಂದು ಭಾವಿಸುವುದರಿಂದ ಆಗುವ ನಷ್ಟವು ಸರ್ಕಾರಕ್ಕಿಂತ ಬಾವಿಯ ಒಡೆಯರಿಗೇ ಹೆಚ್ಚು.

ಅಪ್ರಿಯವಾದ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಬೆಲೆಯ ಆಸೆಯಿಂದ ಇತ್ತೀಚಿನ ವರ್ಷಗಳಲ್ಲಿ ಬಯಲುಸೀಮೆಯ ತಾಲ್ಲೂಕುಗಳಲ್ಲಿಯೂ ಅಡಕೆಯ ತೋಟಗಳು ಹಬ್ಬುತ್ತಿವೆ. ಫಲಕ್ಕೆ ಬಂದ ಅಡಕೆಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿಯೂ ದಿನಕ್ಕೆ ೧೬ರಿಂದ ೨೦ ಲೀಟರು ಬೇಕು. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ೫೪೦ರಷ್ಟು ಮರಗಳಾಗುತ್ತವೆ. ಅಂದರೆ ಎಕರೆಗೆ ದಿನವೊಂದಕ್ಕೆ ಸುಮಾರು ೧೦ ಸಾವಿರ ಲೀಟರು, ೫ ಸಾವಿರ ಲೀಟರಿನ ಟ್ಯಾಂಕರಾದರೆ ಎರಡು. ಏಪ್ರಿಲ್ ಮೇ ಎರಡು ತಿಂಗಳಿಗೆ ನೂರಿಪ್ಪತ್ತು ಟ್ಯಾಂಕರು. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮುಂದಿನ ಬೇಸಿಗೆಯಲ್ಲಿ ಈ ಲೆಕ್ಕವನ್ನು ಕಾಗದದ ಮೇಲಲ್ಲದೆ ಕೈಯಿಂದಲೇ ಕೊಟ್ಟು ಕಲಿತ ತೋಟದವರು ಅನೇಕರು. ಇರುವ ಅಡಕೆಯನ್ನು ಕಡಿದುಹಾಕಬೇಕೆಂದು ಇದರ ಅರ್ಥವಲ್ಲ. ವರ್ಷಕ್ಕೆ ೫೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಚಳ್ಳಕೆರೆಯಂಥ ಕಡೆ ಹೊಸದಾಗಿ ನೆಡುವವರು ಹುಣಸೆ, ಸೀತಾಫಲ, ನೆಲ್ಲಿ, ದಾಳಿಂಬೆ, ಮಾವುಗಳನ್ನು ಮೊದಲು ಯೋಚಿಸುವುದು ಕ್ಷೇಮ.

ಹಿರಿಯೂರಿನ ವಾಣೀವಿಲಾಸ ಸಾಗರವು ೧೯೦೭ರಲ್ಲಿ ಪೂರ್ತಿಯಾಯಿತು. ಅದು ೧೯೩೩ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬೀಳುವುದಕ್ಕೆ ೨೦೨೨ರವರೆಗೆ ಕಾಯಬೇಕಾಯಿತು. ೨೦೨೫ರ ಜನವರಿಯಲ್ಲಿ ಮೂರನೆಯ ಸಲ ಬಿದ್ದಿತು. ಕೋಡಿ ಬಿದ್ದ ವರ್ಷಗಳನ್ನು ನೆನೆದು ತೋಟವನ್ನು ಬೆಳೆಸುವವರು, ಬೀಳದೆ ಹೋದ ವರ್ಷಗಳ ಸಂಖ್ಯೆಯನ್ನೂ ಜೊತೆಗೆ ನೆನೆಯುವುದು ಯುಕ್ತ. ಒಂದು ಬಾವಿ ಬತ್ತಿದರೆ ಇನ್ನೊಂದು, ಅದು ಬತ್ತಿದರೆ ಮತ್ತೊಂದು ಎಂದು ಸಾಲಮಾಡಿ ಕೊರೆಸುವ ದಾರಿಯು ಎಲ್ಲಿಗೆ ಹೋಗುತ್ತದೆಂಬುದನ್ನು ಕೋಲಾರ, ಚಿಕ್ಕಬಳ್ಳಾಪುರಗಳ ರೈತರು ಸಾವಿರ ಅಡಿಗಿಂತ ಕೆಳಗೆ ಇಳಿದು ನೋಡಿ ಬಂದಿದ್ದಾರೆ. ೨೦೧೧ರ ಅಂತರ್ಜಲ ಅಧಿನಿಯಮದ ಮೇರೆಗೆ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಬಾವಿ ಕೊರೆಯಕೂಡದೆಂಬುದು ಎಲ್ಲರಿಗೂ ತಿಳಿದುದೇ. ಆದರೆ ಅನುಮತಿ ದೊರೆಯುವುದೋ ಇಲ್ಲವೋ ಎಂದು ವಿಚಾರಿಸುವುದಕ್ಕೆ ಮೊದಲು, ಇರುವ ಬಾವಿಯ ನೀರು ತೋಟದಲ್ಲಿ ಎಷ್ಟು ಅಂಗುಲ ಇಳಿಯುತ್ತಿದೆಯೆಂದು ಗಡಾರಿ ಹಾಕಿ ನೋಡಿದ ಯಜಮಾನರು ಊರಿಗೆ ಒಬ್ಬರಾದರೂ ಇದ್ದಾರೆಯೇ ಎಂಬುದು ಸಂದೇಹ.

ಊರಿನ ಸಾರ್ವಜನಿಕ ಗಿಡಗಳ ಸ್ಥಿತಿಯು ಇನ್ನೂ ಶೋಚನೀಯವಾದುದು. ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪ್ರತಿವರ್ಷವೂ ಜುಲೈ ತಿಂಗಳಿನಲ್ಲಿ ಗಿಡ ನೆಡುವ ಸಮಾರಂಭಗಳು ನಡೆಯುತ್ತ ಬಂದಿವೆ. ನೆಡುವ ದಿನ ಊರೆಲ್ಲ ಸೇರುತ್ತದೆ, ಮಾರ್ಚಿಯಲ್ಲಿ ನೀರು ಹಾಕುವ ದಿನ ಶಾಲೆಯ ಮಕ್ಕಳ ಹೊರತು ಯಾರೂ ಇರುವುದಿಲ್ಲ. ಒಂದು ಅಡಿಯ ಗುಣಿಯಲ್ಲಿ ನೆಟ್ಟು ಮಕ್ಕಳು ಲೋಟದಲ್ಲಿ ಹಾಕಿದ ನೀರಿನಿಂದ ಗಿಡವು ಬದುಕಲಿಲ್ಲವೆಂದರೆ ಮಕ್ಕಳನ್ನು ದೂರುವಂತಿಲ್ಲ. ನೂರು ಗಿಡ ನೆಟ್ಟು ತೊಂಬತ್ತನ್ನು ಕಳೆದುಕೊಳ್ಳುವುದಕ್ಕಿಂತ, ಎರಡಡಿ ಆಳ ಅಗಲದ ಗುಣಿ ತೆಗೆದು ಗೋಡು ತುಂಬಿ ಇಪ್ಪತ್ತನ್ನೇ ನೆಟ್ಟು, ಒಂದೊಂದರ ಪಕ್ಕದಲ್ಲಿಯೂ ಒಂದೊಂದು ಗಡಿಗೆಯನ್ನು ಹೂಳಿ, ಪಡುವಲಿಗೆ ಒಂದು ತೆಂಗಿನ ಗರಿಯನ್ನು ಮರೆಗಟ್ಟಿ, ಎರಡು ಬೇಸಿಗೆಯವರೆಗೆ ನೋಡಿಕೊಳ್ಳುವುದು ಗ್ರಾಮದ ಮುಖಂಡರಿಗೆ ಹೆಚ್ಚು ಮರ್ಯಾದೆಯನ್ನು ತರುವ ಕೆಲಸ. ಮೂರನೆಯ ಬೇಸಿಗೆಗೆ ಹೊಂಗೆ ಬೇವುಗಳು ಯಾರ ಹಂಗನ್ನೂ ಬೇಡುವುದಿಲ್ಲ.

ಹೊದಿಕೆಯನ್ನು ಹಾಕುವವರು ಒಣಗಿದ ನೆಲದ ಮೇಲೆ ಹಾಸಬಾರದು. ಅದು ಮೇಲಿನ ಸಣ್ಣ ಮಳೆಯನ್ನೂ ಕೆಳಗೆ ಬಿಡದೆ ತಡೆಯುತ್ತದೆ. ಯುಗಾದಿಗೆ ಮುಂಚೆ ಒಂದು ಸಲ ಪಾತಿಯನ್ನು ಎರಡಡಿ ಆಳಕ್ಕೆ ನೆನೆಯುವಂತೆ ನೀರು ಕೊಟ್ಟು, ಮರುದಿನ ಮೇಲುಮಣ್ಣನ್ನು ಹಗುರವಾಗಿ ಕೆದಕಿ, ಅದರ ಮರುದಿನ ಹಾಸತಕ್ಕ
ದ್ದು. ಗಡಿಗೆ ಬೇಕಾದವರು ಕುಂಬಾರರಿಗೆ ಈ ತಿಂಗಳೇ ಹೇಳಿಬಿಡುವುದು ಒಳ್ಳೆಯದು. ಊರಹಬ್ಬಗಳ ಕೆಲಸವು ಮೇಲೆ ಬಿದ್ದ ಮೇಲೆ ಅವರ ಆವಗೆಯಲ್ಲಿ ತೋಟದ ಗಡಿಗೆಗೆ ಜಾಗವಿರುವುದಿಲ್ಲ.